ಧೂಳಿನಷ್ಟು ಹಣ
(ತುಮಕೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊಬೈಲಿನಲ್ಲಿ ಹಣ ಇಟ್ಟುಕೊಳ್ಳುವವರು ವಹಿಸಬೇಕಾದ ಎಚ್ಚರಿಕೆಯ ಬಗ್ಗೆ ಮಾತನಾಡಿ ಎಂದು ಸಂಘದವರು ಹೇಳಿದ್ದಾರೆ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಮಾತನ್ನು ನೀವು ಕೇಳಿ ಕೇಳಿ ಬೇಸತ್ತಿದ್ದೀರಿ. ಅದನ್ನು ಬಿಟ್ಟು, ನಮ್ಮ ಹುಡುಗರ ಮೊಬೈಲಿಗೆ ಸದ್ದಿಲ್ಲದೆ ಬಂದು ಕುಳಿತಿರುವ ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ಹಣದ ಬಗ್ಗೆ, ಅದರಲ್ಲಿಯೂ 'ಡಸ್ಟಿಂಗ್' ಎಂಬ ಒಂದು ಉಪದ್ರವದ ಬಗ್ಗೆ ಹೇಳುತ್ತೇನೆ. ಈ ಹಣ ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬುದು ಬಲ್ಲವರು ಹೇಳಬೇಕಾದ ಮಾತು. ನಾನು ಕಂಪ್ಯೂಟರ್ ಪಾಠ ಹೇಳುವವನು. ಇಟ್ಟುಕೊಂಡವರು ಮೋಸ ಹೋಗಬಾರದು ಎಂಬಷ್ಟೇ ನನ್ನ ಕಾಳಜಿ.

ಗುಬ್ಬಿಯಿಂದ ದಿನವೂ ರೈಲಿನಲ್ಲಿ ತುಮಕೂರಿಗೆ ಬರುವ ಪದವಿ ವಿದ್ಯಾರ್ಥಿಯೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು ಮೊಬೈಲ್ ತೋರಿಸಿದ. "ಸರ್, ಯಾರೋ ನನಗೆ ದುಡ್ಡು ಹಾಕಿದ್ದಾರೆ. ಯಾರು ಅಂತ ಗೊತ್ತಿಲ್ಲ," ಎಂದ. ಹುಡುಗ ಬುದ್ಧಿವಂತ. ಹೊರದೇಶದವರಿಗೆ ವೆಬ್‌ಸೈಟ್ ವಿನ್ಯಾಸ ಮಾಡಿಕೊಟ್ಟು, ಕೂಲಿಯನ್ನು ಬಿಟ್‌ಕಾಯಿನ್ ಚೂರುಗಳಲ್ಲಿ ಪಡೆಯುತ್ತಿದ್ದ. ತಂಗಿಯ ನರ್ಸಿಂಗ್ ಕಾಲೇಜಿನ ಶುಲ್ಕಕ್ಕೆಂದು ಎರಡು ವರ್ಷ ಕೂಡಿಟ್ಟ ಹಣ ಅದು. ಬಂದಿದ್ದು 546 ಸತೋಶಿ. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸತೋಶಿ. ಲೆಕ್ಕ ಸುಲಭವಾಗಲೆಂದು ಒಂದು ಬಿಟ್‌ಕಾಯಿನ್‌ಗೆ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಂಡರೆ ಒಂದು ಸತೋಶಿಗೆ ಹತ್ತು ಪೈಸೆ ಆಯಿತು. ಬಂದ ಹಣ ಐವತ್ತೈದು ರೂಪಾಯಿಯೂ ಪೂರ್ತಿ ಇಲ್ಲ. ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ ಇಂಗ್ಲಿಷಿನ ಸಂದೇಶವೊಂದು ಬಂದಿತ್ತು: ನಿಮ್ಮ ವ್ಯಾಲೆಟ್ ಬಹುಮಾನಕ್ಕೆ ಆಯ್ಕೆಯಾಗಿದೆ, ದೃಢೀಕರಣಕ್ಕೆ ನಿಮ್ಮ ಹನ್ನೆರಡು ಪದಗಳನ್ನು ಇಲ್ಲಿ ತುಂಬಿ ಎಂದು. ಅವನು ತುಂಬಲಿಲ್ಲ. ಕಾರಣ ಎಚ್ಚರಿಕೆಯಲ್ಲ. ಆ ಪದಗಳನ್ನು ಬರೆದ ಕಾಗದ ಗುಬ್ಬಿಯ ಮನೆಯ ಬೀರುವಿನಲ್ಲಿತ್ತು!

ಈ ಹುಡುಗನಿಗೆ ಐವತ್ತು ರೂಪಾಯಿ ದಾನ ಮಾಡಿದವರು ಯಾರು, ಏಕೆ? ಇದು ತಿಳಿಯಬೇಕಾದರೆ ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು.

ಬಿಟ್‌ಕಾಯಿನ್ ಎಂದರೆ ಗುಟ್ಟಿನ ಹಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಸಂಗತಿ ಇದಕ್ಕೆ ತದ್ವಿರುದ್ಧ. ಬ್ಯಾಂಕಿನಲ್ಲಿರುವ ನಿಮ್ಮ ಲೆಕ್ಕ ನಿಮಗೂ ಬ್ಯಾಂಕಿನವರಿಗೂ ಮಾತ್ರ ಗೊತ್ತು. ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕ, ಅಂದರೆ ಬ್ಲಾಕ್‌ಚೈನ್, ಜಗತ್ತಿಗೆಲ್ಲ ತೆರೆದಿಟ್ಟ ಪುಸ್ತಕ. 2009ರ ಜನವರಿಯಿಂದ ಇಂದಿನವರೆಗೆ ನಡೆದ ಪ್ರತಿಯೊಂದು ವರ್ಗಾವಣೆಯನ್ನೂ ಯಾರು ಬೇಕಾದರೂ ಓದಬಹುದು. ಅದರಲ್ಲಿ ಹೆಸರುಗಳಿಲ್ಲ, ಉದ್ದನೆಯ ಅಕ್ಷರ ಅಂಕಿಗಳ ವಿಳಾಸಗಳಿವೆ, ಅಷ್ಟೆ. ಅಡ್ಡಹೆಸರಿನಲ್ಲಿ ಬರೆದ ಖಾತೆ ಪುಸ್ತಕವನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದಂತೆ. ಅಡ್ಡಹೆಸರು ಯಾರದೆಂದು ಒಮ್ಮೆ ತಿಳಿದರೆ ಹಿಂದಿನದೆಲ್ಲವೂ ತಿಳಿಯುತ್ತದೆ.

ನಮ್ಮ ಊರಿನದೇ ಉದಾಹರಣೆ ಇದೆ. 2013ರಲ್ಲಿ ಆರಂಭವಾದ ಯೂನೋಕಾಯಿನ್ ಎಂಬ ಬಿಟ್‌ಕಾಯಿನ್ ಸಂಸ್ಥೆಗೆ ತುಮಕೂರಿನ ನಂಟಿದೆ. 2017ರಲ್ಲಿ ಅದರ 60.6 ಬಿಟ್‌ಕಾಯಿನ್ ಕಳುವಾಗಿ, ಇಲ್ಲಿಯ ಹೊಸ ಬಡಾವಣೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಆಗಿನ ಬೆಲೆಯಲ್ಲಿಯೇ ಅದು ಕೋಟಿ ರೂಪಾಯಿ ಮೀರಿದ ಮೊತ್ತ. 2023ರಲ್ಲಿ ರಾಜ್ಯ ಸರ್ಕಾರ ಬಿಟ್‌ಕಾಯಿನ್ ಹಗರಣಕ್ಕಾಗಿ ವಿಶೇಷ ತನಿಖಾ ತಂಡ ರಚಿಸಿದ ಮೇಲೆ ಆ ಹಳೆಯ ಕಡತ ಮತ್ತೆ ಹೊರಬಂತು. 2024ರ ಮೇ ತಿಂಗಳಲ್ಲಿ, ಪತ್ರಿಕೆ ಓದುವವರಿಗೆಲ್ಲ ಹೆಸರು ಗೊತ್ತಿರುವ ಹ್ಯಾಕರ್ ಒಬ್ಬನ ಬಂಧನವಾಯಿತು. ಆರೋಪ ಸಾಬೀತು ಮಾಡುವುದು ನ್ಯಾಯಾಲಯದ ಕೆಲಸ. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಏಳು ವರ್ಷ ಕಳೆದರೂ ಬ್ಲಾಕ್‌ಚೈನಿನ ಪುಸ್ತಕದಲ್ಲಿ ಒಂದು ಸಾಲೂ ಅಳಿಸಿಹೋಗುವುದಿಲ್ಲ. ಕಳ್ಳನನ್ನು ಹುಡುಕುವವರಿಗೆ ಇದು ಅನುಕೂಲ. ಅದೇ ಪುಸ್ತಕವನ್ನು ಕಳ್ಳನೂ ಓದಬಲ್ಲ ಎಂಬುದು ನಮ್ಮ ಕಷ್ಟ.

ಈಗ ಡಸ್ಟಿಂಗ್ ಎಂದರೇನು ನೋಡೋಣ. ಲೋಕಾಯುಕ್ತದವರು ಲಂಚಕೋರನನ್ನು ಹಿಡಿಯುವ ಬಗೆ ನಿಮಗೆ ಗೊತ್ತು. ನೋಟುಗಳಿಗೆ ಫಿನಾಲ್ಫ್ತಲೀನ್ ಎಂಬ ಪುಡಿ ಸವರಿ ಕೊಡಿಸುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ತೆಗೆದುಕೊಂಡವನ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಡಸ್ಟಿಂಗ್ ಕೂಡ ಪುಡಿ ಸವರಿದ ನೋಟೇ. ಇಲ್ಲಿ ಪುಡಿ ಸವರುವವನು ಲೋಕಾಯುಕ್ತನಲ್ಲ, ಹೊಂಚು ಹಾಕುವವನು. ನೋಟು ಪಡೆಯುವವನು ಲಂಚಕೋರನೂ ಅಲ್ಲ, ನಮ್ಮ ಗುಬ್ಬಿಯ ಹುಡುಗ.

ಪುಡಿ ಹೇಗೆ ಅಂಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಜೇಬಿನಲ್ಲಿ ಐನೂರರ ಒಂದು ನೋಟು, ಇನ್ನೂರರ ಒಂದು ನೋಟು ಇವೆ ಎನ್ನಿ. ಅಂಗಡಿಯಲ್ಲಿ ಆರುನೂರು ಕೊಡಬೇಕು. ಎರಡನ್ನೂ ಕೊಟ್ಟು ನೂರು ಚಿಲ್ಲರೆ ವಾಪಸು ಪಡೆಯುತ್ತೀರಿ. ಬಿಟ್‌ಕಾಯಿನ್ ವ್ಯಾಲೆಟ್ ಕೆಲಸ ಮಾಡುವುದೂ ಹೀಗೆಯೇ. ಬೇರೆ ಬೇರೆ ದಿನ, ಬೇರೆ ಬೇರೆ ವಿಳಾಸಕ್ಕೆ ಬಂದ ತುಂಡುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ನೋಡುವವನಿಗೆ ಆ ವಿಳಾಸಗಳೆಲ್ಲ ಒಬ್ಬನವೇ ಎಂದು ತಿಳಿಯುವುದಿಲ್ಲ. ಆದರೆ ಖರ್ಚು ಮಾಡುವಾಗ ಒಂದು ತುಂಡು ಸಾಲದಿದ್ದರೆ ವ್ಯಾಲೆಟ್ ತಾನಾಗಿಯೇ ಎರಡು ಮೂರು ತುಂಡು ಸೇರಿಸಿ ಕೊಡುತ್ತದೆ. ಒಂದೇ ಕೈಯಿಂದ ಬಂದ ಈ ತುಂಡುಗಳ ವಿಳಾಸಗಳೆಲ್ಲ ಒಬ್ಬನವೇ ಎಂದು ಆ ಕ್ಷಣ ಲೋಕಕ್ಕೆ ತಿಳಿಯುತ್ತದೆ. ಇದು ಯಾರೋ ಆಮೇಲೆ ಕಂಡುಹಿಡಿದ ದೋಷವಲ್ಲ. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಮೂಲ ಪ್ರಬಂಧದಲ್ಲಿಯೇ ಈ ಮಾತಿದೆ. ಪ್ರತಿ ವ್ಯವಹಾರಕ್ಕೂ ಹೊಸ ವಿಳಾಸ ಬಳಸಬೇಕೆಂಬ ಸಲಹೆಯೂ ಅಲ್ಲಿಯೇ ಇದೆ.

ಹೊಂಚು ಹಾಕುವವನು ಮಾಡುವುದಿಷ್ಟೆ. ಸಾವಿರಾರು ವಿಳಾಸಗಳಿಗೆ ಪುಡಿಗಾಸು ಎಸೆದು ಕಾಯುತ್ತಾನೆ. ಎಂದೋ ಒಂದು ದಿನ ನಿಮ್ಮ ವ್ಯಾಲೆಟ್ ಆ ಪುಡಿಗಾಸನ್ನು ಉಳಿದ ತುಂಡುಗಳ ಜೊತೆ ಸೇರಿಸಿ ಖರ್ಚು ಮಾಡುತ್ತದೆ. ಹಾಗೆ ಸೇರಿದ ನಿಮ್ಮ ವಿಳಾಸಗಳಿಗೆಲ್ಲ ಬಣ್ಣ ಹತ್ತುತ್ತದೆ. ಅವುಗಳಲ್ಲಿ ಒಂದನ್ನು ನೀವು ನಿಮ್ಮ ಹೆಸರಿನೊಂದಿಗೆ ಎಲ್ಲಾದರೂ ಹಾಕಿದ್ದರೆ ಮುಗಿಯಿತು. ಎಷ್ಟು ಹಣವಿದೆ, ಯಾವಾಗ ಬಂತು ಎಂಬುದೆಲ್ಲ ಅವನ ಕೈಯಲ್ಲಿ. ಗುಬ್ಬಿಯ ಹುಡುಗ ಮಾಡಿದ್ದು ಇದನ್ನೇ. 'ಕೆಲಸವಿದ್ದರೆ ಹೇಳಿ' ಎಂದು ನೂರಾರು ಜನರಿದ್ದ ವಾಟ್ಸಾಪ್ ಗುಂಪೊಂದರಲ್ಲಿ ಹೆಸರು, ಊರು, ವ್ಯಾಲೆಟ್ ವಿಳಾಸ ಮೂರನ್ನೂ ಒಟ್ಟಿಗೆ ಹಾಕಿದ್ದ. ಫೋನ್ ನಂಬರ್ ಹೇಗೂ ಕಾಣುತ್ತದೆ.

ಹಾಗೆಂದು ಪುಡಿಗಾಸು ಎಸೆಯುವವರೆಲ್ಲ ಕಳ್ಳರಲ್ಲ. 2019ರ ಆಗಸ್ಟ್‌ನಲ್ಲಿ ಲೈಟ್‌ಕಾಯಿನ್ ಎಂಬ ಇನ್ನೊಂದು ನಾಣ್ಯದ ಲಕ್ಷಾಂತರ ವಿಳಾಸಗಳಿಗೆ ಇಂಥ ಪುಡಿಗಾಸು ಬಿತ್ತು. ಬೈನಾನ್ಸ್ ಸಂಸ್ಥೆ ಎಚ್ಚರಿಕೆ ನೀಡಿತು. ಕೊನೆಗೆ ತಿಳಿದದ್ದು, ಒಬ್ಬ ಮೈನಿಂಗ್ ಪೂಲ್‌ನವನು ತನ್ನ ಪ್ರಚಾರಕ್ಕಾಗಿ ಹಂಚಿದ್ದು ಅದು ಎಂದು. ಸಂತೆಯಲ್ಲಿ ಕರಪತ್ರ ಹಂಚಿದಂತೆ! ಆದರೆ ಯಾರು ಎಸೆದರೂ ಪುಡಿ ಪುಡಿಯೇ. ಅದರ ಜಾಡನ್ನು ಎಸೆದವನೇ ಹಿಡಿಯಬೇಕೆಂದಿಲ್ಲ, ಪುಸ್ತಕ ಎಲ್ಲರಿಗೂ ತೆರೆದಿದೆ.

ಇಲ್ಲಿ ಒಂದು ಸಮಾಧಾನದ ಮಾತು. ಪುಡಿಗಾಸು ಬಂದ ಮಾತ್ರಕ್ಕೆ ನಿಮ್ಮ ಹಣ ಕಳುವಾಗುವುದಿಲ್ಲ. ಅದು ವ್ಯಾಲೆಟ್‌ನ ಬೀಗ ತೆಗೆಯಲಾರದು. ಬಂದದ್ದನ್ನು ಮುಟ್ಟದೆ ಬಿಟ್ಟರೆ ಅದು ಅಲ್ಲಿಯೇ ಬಿದ್ದಿರುತ್ತದೆ. ವಾಪಸು ಕಳಿಸಲು ಹೋಗುವುದೇ ತಪ್ಪು, ಕಳಿಸಿದರೆ ಖರ್ಚು ಮಾಡಿದಂತೆಯೇ ಆಯಿತು. ಎಲೆಕ್ಟ್ರಮ್, ಸ್ಪ್ಯಾರೋ ಮುಂತಾದ ವ್ಯಾಲೆಟ್‌ಗಳಲ್ಲಿ ಇಂಥ ತುಂಡನ್ನು ಗುರುತಿಸಿ, ಖರ್ಚಿಗೆ ಬಳಸದಂತೆ ತಡೆಹಿಡಿಯುವ ಸೌಲಭ್ಯವಿದೆ. ಹುಡುಗನಿಂದ ಅವತ್ತೇ ಅದನ್ನು ಮಾಡಿಸಿದೆ. ಗುಂಪಿನಲ್ಲಿ ಹಾಕಿದ್ದ ವಿಳಾಸಕ್ಕೆ ಬಂದ ಹಣವನ್ನು ಉಳಿದದ್ದರ ಜೊತೆ ಬೆರೆಸಬೇಡವೆಂದೂ, ಮುಂದೆ ಕೂಲಿ ಪಡೆಯುವಾಗ ಪ್ರತಿಬಾರಿ ಹೊಸ ವಿಳಾಸ ಕೊಡಬೇಕೆಂದೂ ಹೇಳಿದೆ. ಈಚಿನ ವ್ಯಾಲೆಟ್‌ಗಳಲ್ಲಿ ಇದಕ್ಕೆ ಖರ್ಚಿಲ್ಲ, ಗುಂಡಿ ಒತ್ತಿದರೆ ಹೊಸ ವಿಳಾಸ ಬರುತ್ತದೆ. ಎಲ್ಲಕ್ಕೂ ಅದೇ ಹನ್ನೆರಡು ಪದಗಳೇ ಬೀಗದ ಕೈ.

ನನ್ನ ಅಭಿಪ್ರಾಯದಲ್ಲಿ, ನಮ್ಮ ಹುಡುಗರಿಗೆ ಇದಕ್ಕಿಂತ ದೊಡ್ಡ ಅಪಾಯ ಇದರ ತಮ್ಮನಿಂದ. ಎಥೀರಿಯಮ್, ಟ್ರಾನ್ ಜಾಲಗಳಲ್ಲಿ ಯುಎಸ್‌ಡಿಟಿ ಇಟ್ಟುಕೊಳ್ಳುವವರೂ ಇದ್ದಾರೆ. ಅಲ್ಲಿ ತುಂಡು ಸೇರಿಸುವ ಪದ್ಧತಿ ಇಲ್ಲ. ಆದ್ದರಿಂದ ಅಲ್ಲಿ ಪುಡಿಗಾಸನ್ನು ಬೇರೆ ಕೆಲಸಕ್ಕೆ ಬಳಸುತ್ತಾರೆ. ನೀವು ಆಗಾಗ ಹಣ ಕಳಿಸುವ ವಿಳಾಸದ ಮೊದಲ ಮತ್ತು ಕೊನೆಯ ನಾಲ್ಕಾರು ಅಕ್ಷರಗಳಿಗೆ ಹೊಂದುವ ಸುಳ್ಳು ವಿಳಾಸವೊಂದನ್ನು ತಯಾರಿಸಿ, ಅದರಿಂದ ನಿಮಗೆ ಚಿಲ್ಲರೆ ಕಳಿಸುತ್ತಾರೆ. ಅದು ನಿಮ್ಮ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಮೇಲೆ ಬಂದು ಕೂರುತ್ತದೆ. ಮುಂದಿನ ಬಾರಿ ನೀವು ಅವಸರದಲ್ಲಿ ಪಟ್ಟಿಯಿಂದಲೇ ನಕಲು ಮಾಡಿದರೆ ಹಣ ಅವನಿಗೆ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆಯೇ ಸುಮಾರು 6.8 ಕೋಟಿ ಡಾಲರ್ ಕಳಿಸಿಬಿಟ್ಟರು. ಲೋಕವೆಲ್ಲ ಕಣ್ಣಿಟ್ಟಿದ್ದರಿಂದಲೋ ಏನೋ, ಕದ್ದವನು ಬಹುಪಾಲು ಹಿಂತಿರುಗಿಸಿದ. ನಮ್ಮ ಐದು ಸಾವಿರ, ಐವತ್ತು ಸಾವಿರ ಹೋದರೆ ಹಿಂತಿರುಗಿಸುವವರು ಯಾರೂ ಇಲ್ಲ. ಪಟ್ಟಿಯಿಂದ ನಕಲು ಮಾಡಬೇಡಿ; ವಿಳಾಸವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಕೇಳದೆ ಬಂದು ಕುಳಿತ ಹೊಸ ಟೋಕನ್‌ಗಳಲ್ಲಿ ಯಾವುದೋ ವೆಬ್‌ಸೈಟಿನ ಹೆಸರಿದ್ದರೆ ಅಲ್ಲಿಗೆ ಹೋಗಲೇಬೇಡಿ, ವ್ಯಾಲೆಟ್‌ನ ಒಪ್ಪಿಗೆ ಕೇಳಿ ಅಲ್ಲಿಯೇ ಬರಿದು ಮಾಡುತ್ತಾರೆ.

ಹೆಸರೂ ಹಣವೂ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಲೆಡ್ಜರ್ ಎಂಬ ಫ್ರಾನ್ಸಿನ ಕಂಪನಿ ಕ್ರಿಪ್ಟೋ ಹಣ ಕಾಯುವ ಪುಟ್ಟ ಯಂತ್ರಗಳನ್ನು ಮಾರುತ್ತದೆ. 2020ರಲ್ಲಿ ಅದರ ಗ್ರಾಹಕರ ಪಟ್ಟಿ ಸೋರಿ, ಎರಡೂಮುಕ್ಕಾಲು ಲಕ್ಷದಷ್ಟು ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಬಹಿರಂಗವಾದವು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದರೂ ಆ ಜನರಿಗೆ ಬೆದರಿಕೆಗಳೂ ಸುಳ್ಳು ಪತ್ರಗಳೂ ಬರುತ್ತಲೇ ಹೋದವು.

ಇಷ್ಟು ಹೇಳಿದ ಮೇಲೆ, ಗೌಪ್ಯತೆ ಎಂದರೆ ಸರ್ಕಾರದಿಂದ ಹಣ ಬಚ್ಚಿಡುವುದು ಎಂದು ಯಾರೂ ತಿಳಿಯಬಾರದು. ಗೌಪ್ಯತೆ ನಮ್ಮ ಮೂಲಭೂತ ಹಕ್ಕು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹಾಗೆಂದು ತೀರ್ಪು ನೀಡಿತು. ತೆರಿಗೆ ಬೇರೆಯ ಮಾತು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ ಶೇ. 30 ತೆರಿಗೆ ಬಂದಿದೆ. ರಿಟರ್ನ್‌ನಲ್ಲಿ ತೋರಿಸಿ. ಪುಡಿ ತೊಳೆಯುತ್ತೇವೆ, ಜಾಡು ಅಳಿಸುತ್ತೇವೆ ಎನ್ನುವ 'ಮಿಕ್ಸರ್'ಗಳ ಬಳಿಗೂ ಹೋಗಬೇಡಿ. ಅಲ್ಲಿ ನಿಮ್ಮ ಬೆವರಿನ ಹಣದ ಜೊತೆ ಯಾರದೋ ಕದ್ದ ಹಣ ಬೆರೆಯುತ್ತದೆ. ಹಾಗೆಯೇ ಟೆಲಿಗ್ರಾಂನಲ್ಲಿ ಸಿಕ್ಕ ಅಪರಿಚಿತನಿಗೆ ಹೆಚ್ಚು ಬೆಲೆಯ ಆಸೆಗೆ ಯುಎಸ್‌ಡಿಟಿ ಮಾರುವುದು. ಅವನು ಕಳಿಸುವ ರೂಪಾಯಿ ಯಾವುದೋ ವಂಚನೆಯದಾಗಿದ್ದರೆ, ದೂರು ಬಂದಾಗ ತಡೆಹಿಡಿಯುವುದು ನಿಮ್ಮ ಬ್ಯಾಂಕ್ ಖಾತೆಯನ್ನು. ಮೋಸ ಹೋದವರು 1930ಕ್ಕೆ ಕೂಡಲೇ ಕರೆ ಮಾಡಬೇಕು. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಭಾಷಣ ಮುಗಿಸಿ ಕುಳಿತ ಮೇಲೆ ಕುಣಿಗಲ್‌ನಿಂದ ಬಂದಿದ್ದ ತಾಯಿಯೊಬ್ಬರು ಎದ್ದು ನಿಂತರು. "ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಇದರಲ್ಲಿ ದುಡ್ಡು ಇಟ್ಟಿದ್ದಾನಂತೆ. ಎಷ್ಟು, ಎಲ್ಲಿ ಅಂತ ಕೇಳಿದರೆ ಹೇಳೋದಿಲ್ಲ. ನೀವೂ ಯಾರಿಗೂ ಹೇಳಬೇಡಿ ಅಂತೀರಿ. ಹಾಗಾದರೆ ನಾನು ಕೇಳಬಾರದಾ?" ಎಂದರು. ಇಡೀ ಸಭೆಯಲ್ಲಿ ನನಗೆ ಉತ್ತರ ಹುಡುಕಬೇಕಾಗಿ ಬಂದ ಪ್ರಶ್ನೆ ಇದೊಂದೇ.

ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಅಮ್ಮಾ, ಎಷ್ಟಿದೆ ಎಂದು ಕೇಳಬೇಡಿ. ಹನ್ನೆರಡು ಪದಗಳನ್ನು ಎಲ್ಲಿ ಬರೆದಿಟ್ಟಿದ್ದೀಯ ಎಂದು ಕೇಳಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೇನೆ ಎಂದರೆ ಅಳಿಸಲು ಹೇಳಿ, ಕಾಗದಕ್ಕೆ ಬರೆಸಿ. ಬ್ಯಾಂಕಿನಲ್ಲಾದರೆ ವಾರಸುದಾರರು ಮರಣ ಪತ್ರ ಕೊಟ್ಟು ಹಣ ಪಡೆಯಬಹುದು. ಇಲ್ಲಿ ಮ್ಯಾನೇಜರ್ ಇಲ್ಲ. ಪದಗಳು ಅವನ ತಲೆಯಲ್ಲಿ ಮಾತ್ರ ಇದ್ದರೆ ಅವನೊಂದಿಗೇ ಹೋಗುತ್ತವೆ. ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡಲಿ. ನೀವು ತೆರೆಯಬೇಡಿ. ಅದು ಅಲ್ಲಿದೆ ಎಂದು ನಿಮಗೂ ಅವನ ತಂದೆಗೂ ಗೊತ್ತಿರಲಿ.

"ಈ ಭಾನುವಾರ ಬರ್ತಾನೆ, ಬರೆಸ್ತೀನಿ," ಎಂದು ಅವರು ಕುಳಿತುಕೊಂಡರು.