ತೋಡಿನ ಅಳತೆ, ಗುಡ್ಡದ ಲೆಕ್ಕ

ಜಲಸಂಪನ್ಮೂಲ ಎಂಜಿನಿಯರರ ಕೆಲಸವನ್ನೂ ಕೌಶಲವನ್ನೂ ಚರ್ಚಿಸುವ ವಿಚಾರಸಂಕಿರಣಕ್ಕೆ ಕಾಸರಗೋಡು ಜಿಲ್ಲೆಯ ಪೆರ್ಲದಂಥ ಊರು ತಕ್ಕದ್ದೇ ಎಂದು ಯಾರಾದರೂ ಕೇಳಬಹುದು. ಇಲ್ಲಿ ದೊಡ್ಡ ಜಲಾಶಯವಿಲ್ಲ, ನೂರಾರು ಮೈಲಿ ಹರಿಯುವ ನಾಲೆಯಿಲ್ಲ, ಜಲವಿದ್ಯುದಾಗಾರವಿಲ್ಲ. ಇರುವುದು ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ಅಡಿಕೆ ತೋಟಗಳು, ತೋಟಗಳ ಮಗ್ಗುಲಲ್ಲಿ ಹರಿದು ಶಿರಿಯಾ ಹೊಳೆಯನ್ನು ಸೇರುವ ತೋಡುಗಳು, ಗುಡ್ಡದ ಒಡಲಿಗೆ ಅಡ್ಡಡ್ಡ ಕೊರೆದ ಸುರಂಗಗಳು, ಎತ್ತರದಲ್ಲಿ ಅಲ್ಲಲ್ಲಿ ಮಳೆನೀರು ಹಿಡಿದಿಡುವ ಮದಕಗಳು. ದೊಡ್ಡ ನಿರ್ಮಾಣಗಳು ಇಲ್ಲದ ಕಾರಣದಿಂದಲೇ ಈ ವೃತ್ತಿಯ ನಿಜವಾದ ತಿರುಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆಂಬುದು ನನ್ನ ಅಭಿಪ್ರಾಯ. ನೀರಿನ ಎಂಜಿನಿಯರರ ಮೊದಲ ಕೌಶಲ ಅಳೆಯುವುದು. ನೀರು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಅದೇ ಜಾಗದಲ್ಲಿ, ವರ್ಷಗಟ್ಟಲೆ ಅಳೆದ ಮೇಲೆ ಕಟ್ಟುವ ಮಾತು. ನಮ್ಮ ಶಿಕ್ಷಣ, ಅಂದಾಜುಪಟ್ಟಿ, ಟೆಂಡರು, ಸನ್ಮಾನ ಎಲ್ಲವೂ ಈ ಕ್ರಮವನ್ನು ತಲೆಕೆಳಗು ಮಾಡಿವೆ.

ಮೊದಲು ಮಳೆಯ ಲೆಕ್ಕ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಒಂದು ಎಕರೆಯ ಮೇಲೆ ಬೀಳುವ ಮಳೆಯನ್ನು ಲೀಟರಿನಲ್ಲಿ ಹೇಳಿದರೆ ಸುಮಾರು 1.4 ಕೋಟಿ. ಅದೇ ಎಕರೆಯಲ್ಲಿ 550 ಅಡಿಕೆ ಮರಗಳಿದ್ದು, ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ ದಿನದ ಬಳಕೆ 11,000 ಲೀಟರ್. ಬೇಸಿಗೆಯ 150 ದಿನಗಳಿಗೆ 16.5 ಲಕ್ಷ ಲೀಟರ್. ಬಿದ್ದ ಮಳೆಯ ಎಂಟರಲ್ಲೊಂದು ಪಾಲೂ ಆಗಲಿಲ್ಲ. ಕೇರಳದ 44 ಹೊಳೆಗಳಲ್ಲಿ 12 ಈ ಜಿಲ್ಲೆಯಲ್ಲಿವೆ. ಆದರೂ 2017ರ ಅಂತರ್ಜಲ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ‘ಗಂಭೀರ’ ಎಂಬ ವರ್ಗಕ್ಕೆ ಸೇರಿತು. ಇಲ್ಲಿನ ಕೊರತೆ ನೀರಿನದ್ದಲ್ಲ, ಕಾಲದ್ದು. ಜೂನಿನಿಂದ ಸೆಪ್ಟೆಂಬರಿನೊಳಗೆ ಬಹುಪಾಲು ಸುರಿದು ಮುಗಿಯುವ ನೀರು ಏಪ್ರಿಲಿನಲ್ಲಿ ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ವಾರ್ಷಿಕ ಸರಾಸರಿಯನ್ನು ಹಿಡಿದು ಯೋಜನೆ ಬರೆಯುವವರಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ.

ಉತ್ತರ ಗುಡ್ಡದೊಳಗಿದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡು 1807ರ ತನ್ನ ಗ್ರಂಥದಲ್ಲಿ ವಿವರಿಸಿದ ಆ ಕೆಂಪು ಕಲ್ಲು, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಮುರಕಲ್ಲು, ಇಲ್ಲಿನ ಜಲವಿಜ್ಞಾನದ ಅರ್ಧ ಭಾಗ. ಮೇಲಿನ ತೂತುತೂತಾದ ಮುರದಲ್ಲಿ ನೀರು ಬೇಗ ಇಳಿಯುತ್ತದೆ. ಕೆಳಗಿನ ಶೇಡಿ ಎಂಬ ಜೇಡಿಮಣ್ಣಿನಲ್ಲಿ ನಿಧಾನವಾಗುತ್ತದೆ. ಇವೆರಡು ಸೇರುವಲ್ಲಿ ಅಡ್ಡಕ್ಕೆ ಸರಿದು ಗುಡ್ಡದ ಪಕ್ಕದಲ್ಲಿ ಒರತೆಯಾಗಿ ಹೊರಬರುತ್ತದೆ. ಸುರಂಗ ತೋಡುವವರು ಹುಡುಕಿದ್ದು ಈ ಪದರವನ್ನೇ. ಆಳೊಬ್ಬ ನುಸುಳಿ ಕೆಲಸ ಮಾಡುವಷ್ಟೇ ಅಗಲದ ಸುರಂಗ ಆಸರೆಯಿಲ್ಲದೆ ನಿಲ್ಲಲು ಗಾಳಿಗೆ ಗಟ್ಟಿಯಾಗುವ ಮುರವೇ ಕಾರಣ. ಅದರ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರಲು ಪಂಪೂ ಬೇಡ, ವಿದ್ಯುತ್ತೂ ಬೇಡ. ಇಲ್ಲಿಗೆ ಹತ್ತಿರದ ಅಡ್ಯನಡ್ಕದ ಕಡೆಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ಹಲವು ಸಲ ನೀರು ಸಿಗದೆಯೂ ಬಿಡದೆ, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಅವರ ಛಲವನ್ನು ನಾವೆಲ್ಲ ಕೊಂಡಾಡಿದೆವು, ಸರಿಯೇ. ಆದರೆ ಎಂಜಿನಿಯರರು ಇನ್ನೊಂದು ಪ್ರಶ್ನೆಯನ್ನೂ ಹಾಕಿಕೊಳ್ಳಬೇಕು. ನೀರಿಲ್ಲದ ಕಡೆ ಒಬ್ಬ ಮನುಷ್ಯ ಅಷ್ಟು ವರ್ಷ ಅಗೆಯದಂತೆ ಮಾಡಲು ಬೇಕಾದ ನಕ್ಷೆಯನ್ನು ನಾವು ಯಾಕೆ ಕೊಡಲಿಲ್ಲ? ಎಷ್ಟು ಆಳಕ್ಕೆ ಶೇಡಿ ಸಿಗುತ್ತದೆ, ಯಾವ ದಿಕ್ಕಿಗೆ ಪದರ ವಾಲಿದೆ ಎಂಬುದು ಪ್ರತಿ ಬಾವಿ ತೋಡುವಾಗಲೂ ಕಣ್ಣಿಗೆ ಬೀಳುತ್ತದೆ. ಅದನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಇನ್ನು ತೋಡಿಗೆ ಹಾಕುವ ಕಟ್ಟದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲೆ. ಮಳೆ ಹಿಂದೆ ಸರಿದು ತೋಡಿನ ಸೆಳೆತ ಇಳಿದ ಮೇಲೆ, ಕಲ್ಲು ಮಣ್ಣು ಹಾಕಿ ಅಡ್ಡಕ್ಕೆ ಏರಿಸಿ, ಮುಂದಿನ ಮಳೆಗೆ ಬಿಟ್ಟುಕೊಡುವ ಕಟ್ಟ ಈ ಸೀಮೆಯಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು. ಕುಂಬ್ಡಾಜೆಯ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕುವ ಕ್ರಮ ಹೆಸರಾಗಿದೆ. ಒಂದು ಕಟ್ಟದ ಲೆಕ್ಕ ಹಾಕೋಣ. ತೋಡಿನ ಅಗಲ 5 ಮೀಟರ್, ಕಟ್ಟದ ಬಳಿ ನೀರಿನ ಆಳ ಒಂದೂವರೆ ಮೀಟರ್, ಹಿನ್ನೀರು 200 ಮೀಟರ್ ಎಂದುಕೊಂಡರೆ ನಿಲ್ಲುವ ನೀರು ಸುಮಾರು 7.5 ಲಕ್ಷ ಲೀಟರ್. ಇದು ಮೇಲೆ ಹೇಳಿದ ಒಂದು ಎಕರೆಯ ಬೇಸಿಗೆಯ ಅರ್ಧ ಅಗತ್ಯಕ್ಕೂ ಸಾಲದು. ಕಾಗದದ ಮೇಲೆ ನೋಡಿದವರು ಇದೇನು ಮಹಾ ಎಂದು ಪಕ್ಕಕ್ಕಿಡುತ್ತಾರೆ. ಹಾಗಿದ್ದರೆ ಒಂದು ಕಟ್ಟದ ಆಸುಪಾಸಿನ ಅಷ್ಟೊಂದು ಬಾವಿಗಳಲ್ಲಿ ನೀರು ನಿಲ್ಲುವುದು ಹೇಗೆ? ಉತ್ತರವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲೇ ಕೊಟ್ಟಿದ್ದಾನೆ. ಮರಳು ಮಣ್ಣಿನೊಳಗೆ ನೀರು ಸರಿಯುವ ವೇಗ ಎರಡು ತುದಿಗಳ ನೀರಿನ ಮಟ್ಟದ ವ್ಯತ್ಯಾಸಕ್ಕೆ ಅನುಗುಣ. ತೋಡಿನ ಮಟ್ಟ ಏರಿದರೆ ಗುಡ್ಡದಿಂದ ತೋಡಿಗೆ ಬಸಿಯುವ ನೀರಿನ ಓಟ ತಗ್ಗುತ್ತದೆ. ಅದರ ಜೊತೆಗೆ ಎರಡೂ ದಡಗಳ ಮಣ್ಣು ನೀರುಂಡು ಕೂರುತ್ತದೆ. ಎರಡೂ ಬದಿಗೆ ಐವತ್ತೈವತ್ತು ಮೀಟರಿನವರೆಗೆ ಬಾವಿಯ ಮಟ್ಟ ಸರಾಸರಿ ಅರ್ಧ ಮೀಟರ್ ಏರಿತು, ಮಣ್ಣಿನಲ್ಲಿ ನೂರಕ್ಕೆ ಹತ್ತು ಪಾಲು ನೀರು ಬಿಟ್ಟುಕೊಡುವ ಜಾಗವಿದೆ ಎಂದಿಟ್ಟರೆ, ಕಣ್ಣಿಗೆ ಕಾಣದ ಆ ದಾಸ್ತಾನೇ 10 ಲಕ್ಷ ಲೀಟರ್. ಕಾಣುವ ನೀರಿಗಿಂತ ಕಾಣದ ನೀರು ಹೆಚ್ಚು. ಗುಡ್ಡ ಬೇಗ ಬರಿದಾಗದಂತೆ ತಡೆಯುವ ಲಾಭ ಇದರಲ್ಲಿ ಸೇರಿಲ್ಲ. ಒಂದರ ಹಿನ್ನೀರು ಇನ್ನೊಂದರ ಬುಡ ಮುಟ್ಟುವಂತೆ ಸಾಲಾಗಿ ಹಾಕಿದಾಗಲೇ ಇದು ಪೂರ್ಣವಾಗುತ್ತದೆ. ಏತಡ್ಕದ ಕೃಷಿಕರು ಡಾರ್ಸಿಯ ಸಮೀಕರಣ ಓದದೆಯೇ ಅದನ್ನು ಕಾರ್ಯರೂಪಕ್ಕೆ ತಂದರು. ಆದರೆ ನಾನಿಲ್ಲಿ ಕೊಟ್ಟ ಅರ್ಧ ಮೀಟರ್, ನೂರಕ್ಕೆ ಹತ್ತು ಎಂಬವು ಊಹೆಯ ಅಂಕಿಗಳು. ಪ್ರತಿ ತೋಡಿಗೂ ಅವು ಬೇರೆ. ಅವುಗಳ ನಿಜ ಬೆಲೆಯನ್ನು ಕಂಡುಹಿಡಿಯುವುದೇ ಎಂಜಿನಿಯರರ ಕೆಲಸ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಕಟ್ಟ ಹಾಕಲು ಆಳು ಸಿಗುವುದಿಲ್ಲ, ಕೂಲಿ ದುಬಾರಿ, ಕೂಡಿ ದುಡಿಯುವ ಊರೂ ಈಗ ಚದುರಿದೆ. ಹಾಗಿರುವಾಗ ಒಮ್ಮೆ ಕಾಂಕ್ರೀಟ್ ಹಾಕಿ ಮುಗಿಸುವುದೇ ಮೇಲು ಎನ್ನುತ್ತಾರೆ. ಕಾಂಕ್ರೀಟ್ ಬೇಡವೆಂದು ನಾನು ಹೇಳುವುದಿಲ್ಲ. ಚಂದ್ರಗಿರಿ ಹೊಳೆಯ ಬಾವಿಕ್ಕರೆಯಲ್ಲಿ ಅದು ಬೇಕೇ ಇತ್ತು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಎತ್ತುವ ಆ ಜಾಗಕ್ಕೆ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಏರುತ್ತಿತ್ತು. ವರ್ಷ ವರ್ಷವೂ ಮರಳಿನ ಚೀಲ ಪೇರಿಸಿ ತಡೆದರೂ ಕೆಲವು ಬೇಸಿಗೆಗಳಲ್ಲಿ ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬಂತು. ಸ್ಥಿರ ತಡೆಯೇ ಅದಕ್ಕೆ ಪರಿಹಾರವಾಯಿತು. ಆದರೆ ಬಾವಿಕ್ಕರೆಗೆ ಒಪ್ಪುವ ಉತ್ತರವನ್ನು ಪ್ರತಿ ತೋಡಿಗೂ ಹೊಂದಿಸುವುದು ಸರಿಯಲ್ಲ. ಕರಾವಳಿಯ ಎರಡೂ ರಾಜ್ಯಗಳಲ್ಲಿ ಕಿಂಡಿ ಅಣೆಕಟ್ಟುಗಳು ಬಂದಿವೆ. ಕಂಬ, ತಳ ಎಲ್ಲ ಗಟ್ಟಿ. ಆದರೆ ಅವು ನಿಜವಾಗಿ ದುಡಿಯುವುದು ಮಳೆ ಮುಗಿದ ತಕ್ಕ ವಾರದಲ್ಲಿ ಹಲಗೆ ಇಳಿಸಿ, ಮುಂದಿನ ಮಳೆಗೆ ಮುನ್ನ, ಪತ್ತನಾಜೆಯ ಹೊತ್ತಿಗೆ ತೆಗೆದಾಗ ಮಾತ್ರ. ಹಲಗೆ ಕುಂಬಾದರೆ, ಕಳುವಾದರೆ, ಯಾರು ಇಳಿಸಬೇಕೆಂಬ ತಕರಾರು ಬಗೆಹರಿಯದಿದ್ದರೆ ಲಕ್ಷಗಟ್ಟಲೆ ಖರ್ಚಿನ ಆ ನಿರ್ಮಾಣ ಬೇಸಿಗೆಯುದ್ದಕ್ಕೂ ಬರಿಯ ಕಂಬಗಳ ಸಾಲು. ಕಾಂಕ್ರೀಟಿನಿಂದ ಕೂಲಿ ಉಳಿಯಬಹುದು, ವರ್ಷಕ್ಕೆರಡು ಸಲದ ಗಮನ ಉಳಿಯುವುದಿಲ್ಲ. ಅಂದಾಜುಪಟ್ಟಿಯಲ್ಲಿ ಸಿಮೆಂಟಿಗೆ ಇರುವಂತೆ ಆ ಗಮನಕ್ಕೂ ಒಂದು ಸಾಲು, ಅದಕ್ಕೊಂದು ಮೊತ್ತ ಇರಬೇಕು ಎಂಬುದು ನನ್ನ ಒತ್ತಾಯ.

ಅಳೆಯದೆ ಇರುವುದರ ಬೆಲೆ ಎಷ್ಟೆಂಬುದಕ್ಕೆ ಪೆರ್ಲ ಸೇರಿರುವ ಇದೇ ಎಣ್ಮಕಜೆ ಪಂಚಾಯತ್ ದೇಶಕ್ಕೆಲ್ಲ ಸಾಕ್ಷಿ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. ಗೇರು ಇದ್ದದ್ದು ಗುಡ್ಡದ ತಲೆಯಲ್ಲಿ. ಮನೆ, ತೋಟ, ಸುರಂಗ, ತೋಡು ಇದ್ದದ್ದು ಬುಡದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಲ್ಲಿನ ಪಡ್ರೆ ಗ್ರಾಮದಲ್ಲಿ ಅಧ್ಯಯನ ನಡೆಸಿ ಮಕ್ಕಳ ರಕ್ತದಲ್ಲಿ ಆ ವಿಷದ ಅಂಶ ಹೆಚ್ಚಿರುವುದನ್ನು ದಾಖಲಿಸಿತು. ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ತಡೆದದ್ದು 2011ರಲ್ಲಿ. ಸಿಂಪಡಿಸುವಾಗ ನೀರಿನ ಮೂಲಗಳನ್ನು ಮುಚ್ಚಿಡಬೇಕೆಂಬ ಎಚ್ಚರಿಕೆ ಬಾವಿಯ ಬಾಯಿಗೆ ಅನ್ವಯಿಸೀತು. ಗುಡ್ಡವೇ ನೀರಿನ ಮೂಲವಾದಲ್ಲಿ ಏನನ್ನು ಮುಚ್ಚುವುದು? ವಿಷ ಬೀಳುತ್ತಿದ್ದ ಜಾಗವೂ ಕುಡಿಯುವ ನೀರು ಇಂಗುತ್ತಿದ್ದ ಜಾಗವೂ ಒಂದೇ ಎಂದು ತೋರಿಸಲು ದೊಡ್ಡ ಪ್ರಯೋಗಾಲಯ ಬೇಕಿರಲಿಲ್ಲ. ಇಂಗುವ ನೆಲೆ ಮತ್ತು ಒರತೆಗಳನ್ನು ಗುರುತಿಸಿದ ಒಂದು ಗ್ರಾಮನಕ್ಷೆ ಸಾಕಿತ್ತು. ಇದು ವೈದ್ಯರ, ಕೃಷಿ ವಿಜ್ಞಾನಿಗಳ ಪ್ರಶ್ನೆಯೆಂದು ನೀರಿನ ಎಂಜಿನಿಯರರು ದೂರ ನಿಲ್ಲುವಂತಿಲ್ಲ. ನೀರಿನ ದಾರಿ ಹೇಳಬೇಕಾದವರು ಅವರು.

ಎರಡನೆಯ ಆಕ್ಷೇಪ: ಅಳತೆಗೆ ವರ್ಷಗಳು ಬೇಕು, ಬರಗಾಲ ಕಾಯುವುದಿಲ್ಲ, ಈಗ ಉಪಗ್ರಹವಿದೆ, ಕಂಪ್ಯೂಟರ್ ಮಾದರಿಗಳಿವೆ. ಉಪಗ್ರಹ ಕೊಡುವ ಮಳೆಯ ಅಂಕಿಯ ಒಂದು ಚೌಕ ಸುಮಾರು ಹತ್ತು ಕಿಲೋಮೀಟರ್ ಅಗಲ. ನಮ್ಮ ತೋಡು ಐದು ಮೀಟರ್. ಆ ಚೌಕದೊಳಗೆ ಎಷ್ಟು ಗುಡ್ಡ, ಎಷ್ಟು ಬಗೆಯ ಮಣ್ಣು! ಗುಡ್ಡಕ್ಕೆ ರಬ್ಬರ್ ಬಂದಾಗ, ಮುರಕಲ್ಲಿನ ಕೋರೆ ತೆರೆದಾಗ ಮಳೆಯ ಎಷ್ಟು ಪಾಲು ಹರಿದು ಹೋಗುತ್ತದೆಂಬ ಹರಿವಿನ ಗುಣಾಂಕವೇ ಬದಲಾಗುತ್ತದೆ. ಪುಸ್ತಕದ ಕೋಷ್ಟಕದಿಂದ ಎತ್ತಿದ ಸಂಖ್ಯೆಯಿಂದ ಮೋರಿಯ ಅಳತೆ ನಿರ್ಧರಿಸಿದರೆ ಮೊದಲ ದೊಡ್ಡ ಮಳೆಗೇ ರಸ್ತೆ ಹೋದೀತು. ಇನ್ನು ಅಳೆಯುವ ಸಾಧನ ದುಬಾರಿಯೆಂಬುದೂ ನಿಜವಲ್ಲ. ತೊಂಬತ್ತು ಡಿಗ್ರಿಯ ತ್ರಿಕೋನ ಕಚ್ಚು ಕೊಯ್ದ ಒಂದು ತಗಡನ್ನು ತೋಡಿಗೆ ಅಡ್ಡ ನಿಲ್ಲಿಸಿ. ಕಚ್ಚಿನಲ್ಲಿ ನೀರು 10 ಸೆಂಟಿಮೀಟರ್ ಎತ್ತರಕ್ಕೆ ಹರಿದರೆ ಸೆಕೆಂಡಿಗೆ ಸುಮಾರು 4.4 ಲೀಟರ್, ಅಂದರೆ ದಿನಕ್ಕೆ 3.8 ಲಕ್ಷ ಲೀಟರ್. 5 ಸೆಂಟಿಮೀಟರಿಗೆ ಇಳಿದರೆ ಸೆಕೆಂಡಿಗೆ 0.77 ಲೀಟರ್, ದಿನಕ್ಕೆ 66,000 ಮಾತ್ರ. ಎತ್ತರ ಅರ್ಧವಾದಾಗ ಹರಿವು ಐದೂವರೆ ಪಟ್ಟು ಕುಸಿಯುತ್ತದೆ, ಕಣ್ಣಳತೆಗೆ ಇದು ಗೊತ್ತಾಗುವುದಿಲ್ಲ. ಮೊದಲ ಹರಿವು 34 ಎಕರೆ ತೋಟಕ್ಕೆ ಹನಿ ನೀರು ಕೊಟ್ಟರೆ ಎರಡನೆಯದು ಆರೇ ಎಕರೆಗೆ. ಹೀಗೆ ಒಂದೇ ಒಂದು ಬೇಸಿಗೆ ವಾರಕ್ಕೊಮ್ಮೆ ಬರೆದರೂ ಬೋರ್‌ವೆಲ್ ಕೊರೆಯಬೇಕೇ, ಕಟ್ಟ ಸಾಕೇ, ಬೆಳೆಯನ್ನೇ ಕಡಿಮೆ ಮಾಡಬೇಕೇ ಎಂಬ ಚರ್ಚೆಯ ಸ್ವರೂಪ ಬದಲಾಗುತ್ತದೆ.

ಅಳತೆಯೇ ಮುಖ್ಯವೆಂಬುದು ಸಣ್ಣ ತೋಡುಗಳಿಗೆ ಸೀಮಿತವಾದ ಮಾತಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಹೊಳೆ ಹೈದರಾಬಾದನ್ನು ಮುಳುಗಿಸಿದ ಮೇಲೆ ಕರೆಸಿಕೊಳ್ಳಲಾದ ವಿಶ್ವೇಶ್ವರಯ್ಯನವರು ಮೊದಲು ಸೇರಿಸಿದ್ದು ಸುತ್ತಲಿನ ಮಳೆಯ ದಾಖಲೆಗಳನ್ನು, ಮೇಲ್ಭಾಗದಲ್ಲಿ ಒಡೆದು ಹೋದ ಕೆರೆಗಳ ವಿವರವನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆಮೇಲೆ ಬಂದವು. ಅವರ ಹೆಸರಿನಲ್ಲಿ ಎಂಜಿನಿಯರರ ದಿನ ಆಚರಿಸುವಾಗ ನಾವು ಅಣೆಕಟ್ಟುಗಳ ಚಿತ್ರಗಳನ್ನಷ್ಟೇ ತೂಗುಹಾಕುತ್ತೇವೆ.

ಪರಂಪರೆಯನ್ನು ಅಳತೆಗೆ ಒಡ್ಡಿದರೆ ಅದರ ಕೊರತೆಗಳೂ ಬಯಲಾಗುತ್ತವೆ. ಅದಕ್ಕೆ ಅಂಜಬಾರದು. ಸುರಂಗ ನೀರನ್ನು ಹುಟ್ಟಿಸುವುದಿಲ್ಲ, ಗುಡ್ಡದಿಂದ ಬಸಿಯುತ್ತದೆ. ಬೇಡದ ಮಳೆಗಾಲದಲ್ಲೂ ಹಗಲಿರುಳು ಬಸಿಯುತ್ತದೆ. ಒಂದೇ ಗುಡ್ಡಕ್ಕೆ ಹೆಚ್ಚು ಸುರಂಗಗಳಾದರೆ ಒಂದರ ನೀರು ಇನ್ನೊಂದಕ್ಕೆ ಸರಿಯಬಹುದು. ಮೇಲಿನವರು ಕಟ್ಟ ಬಿಗಿದರೆ ಕೆಳಗಿನವರಿಗೆ ಡಿಸೆಂಬರಿನಲ್ಲಿ ಹರಿವು ತಗ್ಗುತ್ತದೆ. ದಡದಿಂದ ನಿಧಾನವಾಗಿ ಒಸರಿ ಮಾರ್ಚಿನಲ್ಲಿ ಹೆಚ್ಚು ಸಿಗುತ್ತದೆಯೇ ಎಂಬುದನ್ನು ಎರಡೂ ಕಡೆ ಅಳೆದರೆ ಮಾತ್ರ ಹೇಳಬಹುದು. ಶಿರಿಯಾದ ಮೂಲ ಕರ್ನಾಟಕದಲ್ಲಿ, ಮುಖ ಕೇರಳದಲ್ಲಿ. ನೀರು ಗಡಿ ದಾಟುತ್ತದೆ, ಅಂಕಿಗಳು ದಾಟುವುದಿಲ್ಲ. ಕನ್ನಡ, ತುಳು, ಮಲಯಾಳಗಳಲ್ಲಿ ಕೃಷಿಕರೊಡನೆ ಮಾತಾಡಬಲ್ಲ, ಎರಡೂ ರಾಜ್ಯಗಳ ಕಡತ ಓದಬಲ್ಲ ಎಂಜಿನಿಯರರು ಇಲ್ಲಿಂದಲೇ ಬರಬೇಕು.

ಈ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ನೀವು ಸೂಚಿಸುವ ಪ್ರತಿಯೊಂದು ನಿರ್ಮಾಣಕ್ಕೂ ಯಾವ ತೋಡಿನ, ಯಾವ ವರ್ಷದ, ಯಾರು ಅಳೆದ ಅಂಕಿ ಆಧಾರವೆಂದು ಹೇಳಿ. ಅಂಕಿ ಇಲ್ಲದಿದ್ದರೆ ಅದನ್ನೂ ಹೇಳಿ. ಇನ್ನು ಇಲ್ಲಿರುವ ಅಧ್ಯಾಪಕರಲ್ಲಿ: ಬರುವ ನವೆಂಬರಿನಲ್ಲಿ ಎಣ್ಮಕಜೆ, ಪುತ್ತಿಗೆ, ಕುಂಬ್ಡಾಜೆಗಳಲ್ಲಿ ಕಟ್ಟ ಏರುವ ಮೊದಲೇ ಕೆಲವು ತೋಡುಗಳಿಗೆ ಆ ಕಚ್ಚುತಗಡು ಇಡಿಸಿ, ಪಕ್ಕದ ನಾಲ್ಕಾರು ಬಾವಿಗಳ ಮಟ್ಟ ಬರೆಯುವ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಡಿ, ಬರೆದ ಅಂಕಿಗಳನ್ನು ಪ್ರತಿ ತಿಂಗಳೂ ಪಂಚಾಯತ್ ಕಚೇರಿಯ ಗೋಡೆಗೆ ಹಚ್ಚಿಸಿ.