ಗೆಳೆಯರಿಗೊಂದು ಅಡುಗೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿದ್ಯೆಯು ಹಂಚಿದಷ್ಟೂ ಹೆಚ್ಚುವುದೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅಡುಗೆಯೂ ಅಂತಹುದೊಂದು ವಿದ್ಯೆ. ಆದರೆ ನಮ್ಮ ಮನೆಗಳಲ್ಲಿ ಅದು ಕೈಯಿಂದ ಕೈಗೆ ದಾಟಿ ಬಂದುದೇ ಹೊರತು ಕಾಗದಕ್ಕೆ ಇಳಿದುದು ಅಪೂರ್ವ. ಅಜ್ಜಿಯ ಕೈ ಸೋತ ದಿನ ಆ ಮನೆಯ ಎಷ್ಟೋ ರುಚಿಗಳು ಇಲ್ಲವಾಗುತ್ತವೆ. ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಸುಲಭವಾದ ಒಂದು ಅಡುಗೆಯನ್ನು ಕನ್ನಡದಲ್ಲಿ ಬರೆದು ಗೆಳೆಯರಿಗೆ ಕೊಡಬೇಕೆಂಬುದೇ ನಮ್ಮ ಇಂದಿನ ಸೂಚನೆ.

ಇದು ಹೊಸ ಪದ್ಧತಿಯೇನೂ ಅಲ್ಲ. ಸುಮಾರು ಕ್ರಿ. ಶ. ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೂ ಸ್ಥಾನವುಂಟು. ೧೬ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಪದ್ಯರೂಪದಲ್ಲಿ ಬರೆದನು. ಅಡುಗೆಮನೆಯ ಮಾತು ಬರೆಹಕ್ಕೆ ತಕ್ಕುದಲ್ಲವೆಂದು ಅವರು ಭಾವಿಸಲಿಲ್ಲ.

ಉದಾಹರಣೆಗೆ ಒಂದೆಲಗದ ತಂಬುಳಿಯನ್ನು ತೆಗೆದುಕೊಳ್ಳೋಣ. ಚೆನ್ನಾಗಿ ತೊಳೆದ ಎಲೆ ಒಂದು ಹಿಡಿ, ತೆಂಗಿನತುರಿ ಅರ್ಧ ಲೋಟ, ಜೀರಿಗೆ ಅರ್ಧ ಚಮಚ, ಕರಿಮೆಣಸು ನಾಲ್ಕು ಕಾಳು, ಹೆಚ್ಚು ಹುಳಿಯಿಲ್ಲದ ಮಜ್ಜಿಗೆ ಎರಡು ಲೋಟ. ಜೀರಿಗೆ ಮೆಣಸುಗಳನ್ನು ತುಸು ತುಪ್ಪದಲ್ಲಿ ಹುರಿದು, ಅದರಲ್ಲೇ ಎಲೆಯನ್ನು ಬಾಡಿಸಿ, ಆರಿದ ಮೇಲೆ ತೆಂಗಿನತುರಿಯೊಡನೆ ನುಣ್ಣಗೆ ಅರೆಯಬೇಕು. ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರಾಯಿತು. ಇದನ್ನು ಕುದಿಸಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ.

ಈ ಕೊನೆಯ ಮಾತನ್ನು ಗಮನಿಸಿರಿ. ಬಲ್ಲವರು ಹೇಳಲು ಮರೆಯುವುದು ಇಂತಹುದನ್ನೇ. ಪತ್ರೊಡೆಯ ವಿಧಾನವನ್ನು ಬರೆಯುವವರು ಹುಣಿಸೆಹಣ್ಣನ್ನು ಬಿಟ್ಟರೆ ತಿಂದ ಗೆಳೆಯನ ಗಂಟಲು ತುರಿಸೀತು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುವುದೇ ಇದಕ್ಕೆ ಕಾರಣ. ಹುಣಿಸೆಯ ಹುಳಿಯೂ ಹಬೆಯಲ್ಲಿ ಚೆನ್ನಾಗಿ ಬೇಯುವುದೂ ಆ ತುರಿಕೆಯನ್ನು ತಗ್ಗಿಸುತ್ತವೆ. ಆದುದರಿಂದ 'ಬೇಕಾದಷ್ಟು', 'ಹದವಾಗಿ' ಎಂದು ಬರೆದು ಬಿಡದೆ, ಎಷ್ಟು, ಎಷ್ಟು ಹೊತ್ತು, ಏಕೆ ಎಂಬುದನ್ನು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆಯಿರಿ. ಎಲೆಯನ್ನು ಗುರುತಿಸುವುದೂ ಹಿರಿಯರ ಎದುರಿನಲ್ಲೇ ಆಗಲಿ.

ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಒಂದೆಲಗವು ತುಳುವಿನಲ್ಲಿ ತಿಮರೆ, ಮಲೆಯಾಳದಲ್ಲಿ ಮುತ್ತಿಳ್. ತುಳು ಮನೆಯ ಹುಡುಗಿ ತಿಮರೆ ಎಂದೇ ಬರೆಯಲಿ, ಪಕ್ಕದಲ್ಲಿ ಒಂದೆಲಗವೆಂದೂ ಬರೆಯಲಿ. ಒಂದೇ ಬೆಂಚಿನ ಗೆಳೆಯರು ಪರಸ್ಪರರ ಮನೆಮಾತನ್ನು ಹೀಗೆ ಅರಿತರೆ ಕನ್ನಡಕ್ಕೆ ನಷ್ಟವಿಲ್ಲ.

ನಷ್ಟವಾಗುತ್ತಿರುವುದು ಬೇರೆಡೆಯಲ್ಲಿ. ಅರೆಯುವುದು, ರುಬ್ಬುವುದು, ಕುಟ್ಟುವುದು, ಜಜ್ಜುವುದು ಬೇರೆ ಬೇರೆ ಕೆಲಸಗಳು. ಅವುಗಳ ರುಚಿಯೂ ಬೇರೆ. ಇಂದು 'ಮಿಕ್ಸಿಗೆ ಹಾಕುವುದು' ಎಂಬ ಒಂದೇ ಮಾತು ಇವೆಲ್ಲದರ ಸ್ಥಾನವನ್ನು ಆಕ್ರಮಿಸುತ್ತಿದೆ. ಯಂತ್ರವನ್ನು ನಾವು ದೂರುವುದಿಲ್ಲ. ಅದು ತಾಯಂದಿರ ಶ್ರಮವನ್ನು ಕಡಿಮೆ ಮಾಡಿದೆ. ಆದರೆ ಮಾತು ಹೋದರೆ ಕೆಲಸದ ಅರಿವೂ ಹೋಗುತ್ತದೆ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡವನ್ನು ಶಾಲೆಯೂ ಮನೆಯೂ ಕೂಡಿಯೇ ಉಳಿಸಿಕೊಂಡು ಬಂದಿವೆ. ಪಾಠಪುಸ್ತಕದಲ್ಲಿ ದೊರೆಯದ ಈ ಶಬ್ದಗಳನ್ನು ಮನೆಯಲ್ಲದೆ ಮತ್ತಾರು ಕೊಡಬಲ್ಲರು?

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಪುಸ್ತಕ ಹಿಡಿದು ಒಲೆಯ ಬಳಿಗೆ ಬಂದಾಗ 'ಓದಿಕೊ, ಹೋಗು' ಎಂದು ಕಳುಹಿಸಬೇಡಿರಿ. ಗಂಡುಮಕ್ಕಳನ್ನಂತೂ ಕಳುಹಿಸಲೇಬೇಡಿರಿ, ಹಸಿವು ಎಲ್ಲರಿಗೂ ಸಮಾನವಾಗಿರುವಾಗ ಅಡುಗೆಯ ಅರಿವೂ ಸಮಾನವಾಗಿರಬೇಕು.

ವಿದ್ಯಾರ್ಥಿಗಳೇ, ಒಂದೇ ಅಡುಗೆ ಸಾಕು. ಅದನ್ನು ಕಲಿಸಿದವರ ಹೆಸರನ್ನು ಮೇಲೆ ಬರೆಯಿರಿ. ಗೆಳೆಯರ ಮನೆಯಲ್ಲಿ ಅದು ಬೆಂದು ಬಡಿಸಲ್ಪಟ್ಟಾಗ ನಿಮ್ಮ ಬರೆಹಕ್ಕೆ ಪೂರ್ಣ ಅಂಕ ದೊರೆಯಿತೆಂದು ತಿಳಿಯಿರಿ.