ಕೊಟ್ಟಿಗೆಯೂ ಒಂದು ಪಾಠಶಾಲೆ



ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರಲ್ಲಿಗೆ ಒಮ್ಮೆ ಯಾರೊಡನೆಯೂ ಬೆರೆಯದ ಬಾಲಕನೊಬ್ಬನನ್ನು ಕರೆತಂದರು. ಅಲ್ಲಿದ್ದ ಜಿಂಗಲ್ಸ್ ಎಂಬ ನಾಯಿ ಅವನ ಬಳಿಗೆ ಓಡಿತು. ವೈದ್ಯರಿಗೆ ತೆರೆಯದ ಮನಸ್ಸು ನಾಯಿಗೆ ತೆರೆಯಿತು. 1961ರಲ್ಲಿ ಅವರು ಇದನ್ನು ವಿದ್ವಾಂಸರ ಸಭೆಯಲ್ಲಿ ಮಂಡಿಸಿದಾಗ ಕೆಲವರು ನಕ್ಕರು. ಇಂದು ಅನೇಕ ದೇಶಗಳ ಶಾಲೆಗಳು ಅದೇ ಹಾದಿಯಲ್ಲಿವೆ.

ನ್ಯೂಯಾರ್ಕ್ ರಾಜ್ಯದಲ್ಲಿ 1947ರಲ್ಲಿ ಹೈನು ತೋಟವೊಂದರಲ್ಲಿ ಆರಂಭವಾದ ಗ್ರೀನ್ ಚಿಮ್ನೀಸ್ ಶಾಲೆಯಲ್ಲಿ ಮನಸ್ಸು ನೊಂದ ಮಕ್ಕಳು ಕುರಿ, ಆಡು, ಕುದುರೆಗಳನ್ನು ನೋಡಿಕೊಳ್ಳುತ್ತಾರೆ. ಗಾಯಗೊಂಡ ಹಕ್ಕಿಗಳು ಗುಣವಾದ ಬಳಿಕ ಅಲ್ಲಿಂದ ಬಾನಿಗೆ ಮರಳುತ್ತವೆ. ಸದಾ ಆರೈಕೆ ಪಡೆಯುವ ಮಗು ಅಲ್ಲಿ ಆರೈಕೆ ನೀಡುವ ಮಗುವಾಗುತ್ತದೆ.

ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯವು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 249 ವಿದ್ಯಾರ್ಥಿಗಳಿದ್ದರು. ಕೇವಲ 10 ನಿಮಿಷ ನಾಯಿ, ಬೆಕ್ಕುಗಳನ್ನು ನೇವರಿಸಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕಡಿಮೆಯಿತ್ತು. ದೂರದಿಂದ ನೋಡಿದವರಲ್ಲಿ ಅಷ್ಟು ಇಳಿಕೆ ಕಾಣಲಿಲ್ಲ. ಸ್ಪರ್ಶವೇ ಮುಖ್ಯ.

ಇದನ್ನು ಓದಿದಾಗ ನನಗೆ ನಮ್ಮ ಕೊಟ್ಟಿಗೆ ನೆನಪಾಯಿತು. ವಸತಿನಿಲಯ ಸೇರಿದ ಮೊದಲ ಮಳೆಗಾಲದಲ್ಲಿ ನನ್ನನ್ನು ಅಳಿಸಿದ್ದು ಮಲೆನಾಡು ಗಿಡ್ಡದ ಒಂದು ಕರು. ಅದು ನನ್ನ ಅಂಕಗಳನ್ನು ಎಂದೂ ಕೇಳಿರಲಿಲ್ಲ. 2012ರಲ್ಲಿ ಈ ತಳಿಗೆ ರಾಷ್ಟ್ರೀಯ ಮಾನ್ಯತೆ ದೊರೆಯಿತು. ಆದರೆ ನಮ್ಮ ಕೊಟ್ಟಿಗೆಗಳು ಬರಿದಾಗುತ್ತಿವೆ. ಹಸುವಿನೊಡನೆ ಗೊಬ್ಬರವಷ್ಟೇ ಹೋಗುವುದಿಲ್ಲ, ಮಕ್ಕಳ ಮೂಕ ಗೆಳೆತನವೂ ಹೋಗುತ್ತದೆ.

ಆದರೆ ಉತ್ಸಾಹಕ್ಕೆ ವಿವೇಕದ ಕಡಿವಾಣವಿರಲಿ. ಶಾಲೆಗೆ ಬರುವ ನಾಯಿಗೆ ರೇಬೀಸ್ ಲಸಿಕೆ ಆಗಿರಲೇಬೇಕು. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. ಕಾಡಿನಲ್ಲಿ ಮೇಯ್ದು ಬಂದ ದನದ ಮೈಯಲ್ಲಿ ಉಣ್ಣೆಗಳಿರುತ್ತವೆ. ಕಾಡಿನ ಮರಿಗಳನ್ನು ಪಂಜರಕ್ಕೆ ತರುವುದು 1972ರ ವನ್ಯಜೀವಿ ಕಾಯ್ದೆಗೂ, ಕರುಣೆಗೂ ವಿರುದ್ಧ. ದಸರಾ ರಜೆಯಲ್ಲಿ ಹುಲ್ಲು, ನೀರು ಹಾಕುವವರಾರೆಂದು ನಿಶ್ಚಯಿಸದೆ ಯಾವ ಪ್ರಾಣಿಯನ್ನೂ ಶಾಲೆಗೆ ತರಬೇಡಿ. ಪ್ರಾಣಿಯು ಔಷಧದ ಶೀಶೆಯಲ್ಲ; ಅದಕ್ಕೂ ದಣಿವಿದೆ, ಭಯವಿದೆ.

ಬೈಗುಳ, ಬೆತ್ತಗಳಿಂದ ಮಗುವನ್ನು ನೋಯಿಸಿ ನಾಯಿಮರಿಯಿಂದ ಸಂತೈಸಹೊರಡುವುದು ಪರಿಹಾರವಲ್ಲ. ಗುರುವಿನ ವಾತ್ಸಲ್ಯಕ್ಕೆ, ಅಗತ್ಯವಾದಾಗ ವೈದ್ಯರ ನೆರವಿಗೆ ಬೇರೆ ಬದಲಿಯಿಲ್ಲ.

ಆದ್ದರಿಂದ ಸಣ್ಣದರಿಂದ ಆರಂಭಿಸೋಣ. ಊರಿನ ಒಂದು ಕೊಟ್ಟಿಗೆ ವಾರಕ್ಕೊಮ್ಮೆ ಶಾಲೆಯ ಮಕ್ಕಳಿಗೆ ತೆರೆದಿರಲಿ. ತರಗತಿಯಲ್ಲಿ ಮಾತನಾಡದ ಮಗುವಿನ ಕೈಗೆ ಮೊದಲ ಹಿಡಿ ಹುಲ್ಲನ್ನು ಕೊಡಿ. ಅದು ಕರುವಿನೊಡನೆ ಏನು ಹೇಳುವುದೆಂದು ಕೇಳಲು ಹೋಗಬೇಡಿ; ಹೇಳಲಿ ಬಿಡಿ.